ವಾರಕ್ಕೆ 50 ರೂಪಾಯಿಯಿಂದ ಶುರು ಮಾಡಿ, ಜೂನ್‌ನಲ್ಲೇ ಶುರು ಮಾಡಿ

ಕಾಸರಗೋಡಿನ ಕಡೆ ವಾರದ ಉಳಿತಾಯ ಶುರು ಮಾಡಲು ಜೂನ್ ಮೊದಲ ವಾರಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಳೆಗಾಲದಲ್ಲಿ ಕೂಲಿ ಕೆಲಸ ಕಡಿಮೆ, ಆಟಿ ತಿಂಗಳಲ್ಲಂತೂ (ಜುಲೈ–ಆಗಸ್ಟ್) ಕೈ ಖಾಲಿ. ಕಂತು ಸ್ವಲ್ಪ ಸ್ವಲ್ಪವೇ ಏರುವ ಈ ಕ್ರಮದಲ್ಲಿ ಸಣ್ಣ ಕಂತುಗಳು ಆ ದಿನಗಳಲ್ಲೇ ಮುಗಿಯಬೇಕು. ಅಡಿಕೆ ಕೊಯ್ಲು, ಸುಲಿತದ ಕೆಲಸ ಸಿಗುವ ಹೊತ್ತಿಗೆ ಕಂತು ಬೆಳೆದಿರುತ್ತದೆ. ಮೇ ಕೊನೆಗೆ ಹಣ ಕೈಗೆ ಬಂದರೆ ಶಾಲೆ ತೆರೆಯುವಾಗ ಪುಸ್ತಕ, ಕೊಡೆ, ಯೂನಿಫಾರ್ಮಿಗೆ ಕೈಸಾಲ ಬೇಡ.

ಮೊದಲ ನಾಲ್ಕು ವಾರ 50 ರೂಪಾಯಿಯಂತೆ ತೆಗೆದಿಡಿ. ಮುಂದಿನ ನಾಲ್ಕು ವಾರ 60, ಆಮೇಲಿನ ನಾಲ್ಕಕ್ಕೆ 70. ಹೀಗೆ ಏರುತ್ತಾ ಹೋದರೆ ಕೊನೆಯ ನಾಲ್ಕು ವಾರದ ಕಂತು 170. 52 ವಾರಕ್ಕೆ ಒಟ್ಟು 5,720 ರೂಪಾಯಿ. 10 ರೂಪಾಯಿಯಿಂದ ಶುರು ಮಾಡಿ ಪ್ರತಿ ವಾರವೂ 10 ರೂಪಾಯಿ ಏರಿಸುವ ಕ್ರಮ ಹಲವರಿಗೆ ಗೊತ್ತು. ಅದರಲ್ಲಿ 13,780 ಸೇರುತ್ತದೆ ನಿಜ, ಆದರೆ ಕೊನೆಯ ನಾಲ್ಕು ವಾರಕ್ಕೇ 2,020 ಬೇಕು. ದಿನಗೂಲಿಯ ಮನೆಗೆ ಅದು ಭಾರ.

ಬೀಡಿ ಕಟ್ಟುವವರು, ತೋಟದ ಕೆಲಸಕ್ಕೆ ಹೋಗುವವರು ಬಟವಾಡೆಯ ದಿನವೇ, ಪೇಟೆಗೆ ಇಳಿಯುವ ಮೊದಲೇ ಹಣ ತೆಗೆದಿಡಿ. ಉಳಿದದ್ದನ್ನು ಹಾಕುತ್ತೇನೆ ಎಂದರೆ ಉಳಿಯುವುದೇ ಇಲ್ಲ. ಡಬ್ಬಿಯಲ್ಲಿ ತಿಂಗಳಿಗಿಂತ ಹೆಚ್ಚು ಕಾಲ ಹಣ ಇಡಬೇಡಿ, ಗ್ಯಾಸ್ ಮುಗಿದ ದಿನ ಮೊದಲು ನೆನಪಾಗುವುದೇ ಆ ಡಬ್ಬಿ.

ತಿಂಗಳ ಹಣ ಪೋಸ್ಟಾಫೀಸಿಗೆ ಹೋಗಲಿ. ಅಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ, ಇದೆ. ಅದಕ್ಕೆ ತಿಂಗಳಿಗೆ ಕನಿಷ್ಠ 100 ರೂಪಾಯಿ, ಅವಧಿ 5 ವರ್ಷ. ಒಮ್ಮೆ ಬರೆಸಿದ ಕಂತು ನಡುವೆ ಬದಲಾಗುವುದಿಲ್ಲ. ಆದ್ದರಿಂದ ಹುಮ್ಮಸ್ಸಿನಲ್ಲಿ 500 ಬರೆಸಬೇಡಿ, 200 ಸಾಕು. ಅಷ್ಟು ಮಳೆಗಾಲದ ಕಂತಿನಲ್ಲೇ ಹೊಂದುತ್ತದೆ. ಖಾತೆಯನ್ನು 15ನೇ ತಾರೀಕಿನ ನಂತರ ತೆರೆಯಿರಿ. ಆಗ ಪ್ರತಿ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ ಸಿಗುತ್ತದೆ. 15ರೊಳಗೆ ತೆರೆದರೆ 15ರೊಳಗೇ ಕಟ್ಟಬೇಕು. ತಪ್ಪಿದರೆ 100 ರೂಪಾಯಿಗೆ ತಿಂಗಳಿಗೆ 1 ರೂಪಾಯಿ ದಂಡ. ದಂಡ ಸಣ್ಣದು, ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸಿಕೊಳ್ಳಬೇಕು.

ಹೆಚ್ಚಿದ ಹಣಕ್ಕೆ ಅಲ್ಲೇ ಒಂದು ಉಳಿತಾಯ ಖಾತೆ ಇರಲಿ. ತೆರೆಯುವಾಗ ಕಟ್ಟಿದ 500 ರೂಪಾಯಿಯನ್ನು ಮುಟ್ಟಬೇಡಿ, ಅದು ಕನಿಷ್ಠ ಶಿಲ್ಕು. ವರ್ಷದಲ್ಲಿ ಆರ್‌ಡಿಗೆ 2,400 ಹೋಗಿ, ಇಲ್ಲಿ 3,320 ಸೇರಿರುತ್ತದೆ. ಶಾಲೆಯ ಖರ್ಚಿಗೆ ತೆಗೆಯಬೇಕಾದದ್ದು ಇದನ್ನೇ.

ಕುಟುಂಬಶ್ರೀ ಅಯಲ್‌ಕೂಟದಲ್ಲಿ (ನೆರೆಹೊರೆಯ ಹೆಂಗಸರ ಉಳಿತಾಯ ಗುಂಪು) ಇರುವವರು ವಾರದ ಸಭೆಯಲ್ಲಿ ಕಟ್ಟುವ ಉಳಿತಾಯವನ್ನು ಇದೇ ಲೆಕ್ಕಕ್ಕೆ ಸೇರಿಸಬಹುದು. ಕೊಟ್ಟ ದಿನವೇ ಪಾಸ್‌ಬುಕ್ಕಿನಲ್ಲಿ ಬರೆಸಿ, ಎದುರಲ್ಲೇ ಓದಿ ನೋಡಿ. ಕುರಿಯನ್ನು, ಅಂದರೆ ಚೀಟಿಯನ್ನು, ಮಾತ್ರ ಇದರ ಜೊತೆ ಬೆರೆಸಬೇಡಿ. ಹಣ ಎತ್ತಿದ ಮೇಲೆ ಕಟ್ಟುವ ಕಂತು ಉಳಿತಾಯವಲ್ಲ, ಸಾಲದ ಮರುಪಾವತಿ.

ಜ್ವರವೋ ಮದುವೆಯೋ ಬಂದು ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಕಂತು ಕಟ್ಟಲು ಹೋಗಬೇಡಿ. ಎರಡನೆಯದೂ ತಪ್ಪುವುದು ಹಾಗೆಯೇ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಆ ವಾರಕ್ಕೆ ಸೊನ್ನೆ ಬರೆದು ಮುಂದೆ ಹೋಗಿ. ಆರ್‌ಡಿಯ 200 ಮಾತ್ರ ಹೇಗಾದರೂ ಹೊಂದಿಸಿ. ಮರುವರ್ಷ ಜೂನ್‌ಗೆ ವಾರದ ಕಂತನ್ನು ಮತ್ತೆ 50ಕ್ಕೇ ಇಳಿಸಿ, ಆರ್‌ಡಿ ಹಾಗೆಯೇ ಸಾಗುತ್ತದೆ.