ವಿಡಿಯೋ ಆಮೇಲೆ, ಮೊದಲು ಮ್ಯಾನುಯಲ್ ತೆಗಿ

ಗಂಗಾವತಿ ಸುತ್ತಮುತ್ತಲಿನ ರೈಸ್ ಮಿಲ್‌ಗಳಲ್ಲಿ ನಾನು ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಈಗ ಗಾಳಿ ಊದುವ ಬ್ಲೋವರ್‌ಗೂ ಭತ್ತ ಮೇಲೆತ್ತುವ ಎಲಿವೇಟರ್‌ಗೂ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ, ಹಾಕಿಸುವವರು ಜಾಸ್ತಿ. ನಾವು ಅದಕ್ಕೆ ಬರೀ ಡ್ರೈವ್ ಅಂತೀವಿ. ಅದು ಟ್ರಿಪ್ ಆದರೆ, ಅಂದರೆ ತೊಂದರೆ ಕಂಡು ತಾನೇ ಬಂದ್ ಆದರೆ, ಹುಡುಗರು ಮೊದಲು ತೆಗೆಯುವುದು ಯೂಟ್ಯೂಬ್. ನಾನೂ ಹಾಗೇ ಕಲಿತವನು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿದವನಿಗೆ ಇಂಗ್ಲಿಷ್ ಮ್ಯಾನುಯಲ್ ಯಾಕೆ ಬೇಕು ಅನ್ನಿಸುತ್ತಿತ್ತು.

ಒಂದು ಮಿಲ್‌ನಲ್ಲಿ ಬ್ಲೋವರ್ ನಿಲ್ಲಿಸಿದಾಗಲೆಲ್ಲ ಡ್ರೈವ್ ಓವರ್ ವೋಲ್ಟೇಜ್ ತೋರಿಸಿ ಟ್ರಿಪ್ ಆಗುತ್ತಿತ್ತು. "ಅಣ್ಣಾ, ವಿಡಿಯೋದಾಗ ಡಿಸೆಲ್ ಟೈಮ್ ಐದು ಇಡು ಅಂದಾರಲ್ರಿ" ಅಂದ ಜೊತೆಗಿದ್ದ ಹುಡುಗ. ಡಿಸೆಲ್ ಟೈಮ್ ಅಂದರೆ ಮೋಟಾರನ್ನು ನಿಲ್ಲಿಸಲು ಡ್ರೈವ್ ತೆಗೆದುಕೊಳ್ಳುವ ಸಮಯ, ಸೆಕೆಂಡ್ ಲೆಕ್ಕದಲ್ಲಿ. ವಿಡಿಯೋದವನು ಹೇಳಿದ್ದು ಸುಳ್ಳಲ್ಲ, ಆದರೆ ಅವನು ತೋರಿಸಿದ್ದು ಕನ್ವೇಯರ್. ಅದು ತನ್ನ ಭಾರಕ್ಕೇ ಬೇಗ ನಿಲ್ಲುತ್ತದೆ. ಬ್ಲೋವರ್‌ನ ದೊಡ್ಡ ಚಕ್ರ ಸುಲಭಕ್ಕೆ ನಿಲ್ಲುವುದಿಲ್ಲ, ಬೇಗ ನಿಲ್ಲಿಸಲು ಹೋದರೆ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ಡ್ರೈವ್‌ಗೆ ವಾಪಸ್ ತಳ್ಳುತ್ತದೆ, 415 ವೋಲ್ಟ್ ಲೈನಿನಲ್ಲಿ ಡ್ರೈವ್ ಒಳಗಿನ ಡಿಸಿ ಮೊದಲೇ ಸುಮಾರು 585 ವೋಲ್ಟ್ ಇರುತ್ತದೆ, ಅದು ಇನ್ನೂ ಏರಿದರೆ ಟ್ರಿಪ್ ಆಗಲೇಬೇಕು. ಇದೆಲ್ಲ ಮ್ಯಾನುಯಲ್‌ನ ಫಾಲ್ಟ್ ಟೇಬಲ್ (ಯಾವ ತೊಂದರೆಗೆ ಏನು ಮಾಡಬೇಕು ಅನ್ನುವ ಪಟ್ಟಿ) ಹಿಡಿದು ಹೋದರೆ ಸಿಗುತ್ತದೆ: ಟೈಮ್ ಹೆಚ್ಚಿಸು, ಇಲ್ಲವೇ ವಾಪಸ್ ಬಂದ ಕರೆಂಟನ್ನು ಬಿಸಿಯಾಗಿ ಕಳೆಯುವ ಬ್ರೇಕಿಂಗ್ ರೆಸಿಸ್ಟರ್ ಹಾಕು. ಬ್ಲೋವರನ್ನು ಅವಸರದಲ್ಲಿ ನಿಲ್ಲಿಸುವ ಗರಜೇ ಇಲ್ಲ ಅಲ್ವಾ? ಸ್ಟಾಪ್ ಮೋಡ್ ಕೋಸ್ಟ್‌ಗೆ ಇಟ್ಟೆ, ತಾನಾಗಿ ತಿರುಗಿ ನಿಲ್ಲಲಿ ಅಂತ. ಅದೇ ಪುಟದ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಪೂರ್ತಿ ನಿಲ್ಲುವ ಮುಂಚೆ ಮತ್ತೆ ಸ್ಟಾರ್ಟ್ ಕೊಡಬೇಡ. ವಿಡಿಯೋದಲ್ಲಿ ಇದು ಇರಲಿಲ್ಲ.

ನಾನು ಮ್ಯಾನುಯಲ್ ಮೊದಲ ಪುಟದಿಂದ ಓದುವುದಿಲ್ಲ. ಮೊದಲು ಎಚ್ಚರಿಕೆ ಮತ್ತು ವೈರಿಂಗ್ ಚಿತ್ರ, ಯಾಕೆಂದರೆ ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯೂ ಟರ್ಮಿನಲ್‌ಗೆ ಲೈನ್ ಕೊಟ್ಟರೆ ಡ್ರೈವ್ ಅಲ್ಲಿಗೆ ಮುಗೀತು. ಆಮೇಲೆ ಫಾಲ್ಟ್ ಟೇಬಲ್, ಅದು ಹೇಳಿದ ಪ್ಯಾರಾಮೀಟರ್ (ನಂಬರ್ ಕೊಟ್ಟ ಸೆಟ್ಟಿಂಗ್) ಮಾತ್ರ. ಪ್ಯಾರಾಮೀಟರ್ ಪಟ್ಟಿಯಲ್ಲಿ ಎಲ್ಲ ಕಾಲಂ ನೋಡಬೇಕು, ಕೆಳಗಿನ ಚುಕ್ಕಿ ಗುರುತಿನ ಟಿಪ್ಪಣಿ ಸಹಿತ. "ಬಟನ್ ಒತ್ತಿದ್ರೂ ಬದಲಾಗವಲ್ದು, ಡ್ರೈವ್ ಹೋಗೈತಿ" ಅಂತ ಫೋನ್ ಬರುತ್ತದೆ. ಏನೂ ಹೋಗಿರುವುದಿಲ್ಲ, ಮೋಟಾರ್ ಓಡುವಾಗ ಕೆಲವನ್ನು ಬದಲಿಸಲು ಬರುವುದಿಲ್ಲ ಅಂತ ಒಂದು ಕಾಲಂ ಹೇಳುತ್ತಿರುತ್ತದೆ. ಇಂಗ್ಲಿಷ್‌ಗೆ ಹೆದರಬೇಡಿ. ಬರುವ ಪದಗಳು ಅವೇ ಅವೇ, ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಎರಡನೇ ಮ್ಯಾನುಯಲ್‌ಗೆ ಅರ್ಧ ಕಷ್ಟ.

ಯಾರೂ ತೆಗೆಯದ ಪುಟ ಸ್ಪೆಸಿಫಿಕೇಶನ್. ಎಷ್ಟೋ ಡ್ರೈವ್‌ಗಳಿಗೆ ಪೂರ್ತಿ ಕರೆಂಟ್ ಸುತ್ತಲಿನ ಬಿಸಿ 40 ಡಿಗ್ರಿವರೆಗೆ ಇದ್ದಾಗ ಮಾತ್ರ, ಮೇಲೆ ಹೋದರೆ ಕರೆಂಟ್ ಕಡಿಮೆ ಮಾಡಬೇಕು ಅಂತ ಅಲ್ಲಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ ಅಷ್ಟಿರುತ್ತದೆ. ಬಾಯ್ಲರ್ ಪಕ್ಕ, ತೌಡಿನ ಧೂಳಿನಲ್ಲಿ ಪ್ಯಾನೆಲ್ ನಿಲ್ಲಿಸಿ, ಏಪ್ರಿಲ್‌ನಲ್ಲಿ ಟ್ರಿಪ್ ಆಯ್ತು ಅಂತ ಕಂಪನಿಯವರನ್ನು ಬೈದರೆ ಏನು ಬಂತು?

ವಿಡಿಯೋ ನಾನು ಈಗಲೂ ನೋಡುತ್ತೇನೆ. ವೈರಿನ ತುದಿಗೆ ಲಗ್ ಒತ್ತಿ ಕ್ರಿಂಪ್ ಮಾಡುವುದು, ಕೂಲಿಂಗ್ ಫ್ಯಾನ್ ಬಿಚ್ಚುವುದು, ಇಂಥ ಕೈಕೆಲಸ ನೋಡಿಯೇ ಕಲಿಯಬೇಕು. ಸೆಟ್ಟಿಂಗ್ ಮಾತ್ರ ಬೇಡ. ಒಂದೇ ಕಂಪನಿಯ ಎರಡು ಸೀರೀಸ್‌ಗೆ ಪ್ಯಾರಾಮೀಟರ್ ನಂಬರೇ ಬೇರೆ ಇರುತ್ತದೆ. ಅದಕ್ಕೇ ಡ್ರೈವ್ ಬದಿಯ ಪ್ಲೇಟಿನ ಫೋಟೋ ತೆಗೆದು, ಅದೇ ಮಾಡೆಲ್‌ನ ಪಿಡಿಎಫ್ ಮೊಬೈಲ್‌ಗೆ ಇಳಿಸಿಕೊಳ್ಳಿ. ಫಾಲ್ಟ್ ಕೋಡ್ ಹಾಕಿ ಹುಡುಕಿದರೆ ಸೀದಾ ಆ ಪುಟಕ್ಕೇ ಹೋಗಬಹುದು. ಪ್ಯಾನೆಲ್ ಒಳಗಿಟ್ಟ ಪುಸ್ತಕವನ್ನು ಮಿಲ್‌ನ ಇಲಿಗಳು ಬಿಡುವುದಿಲ್ಲ.