ವಿದೇಶಕ್ಕೆ ಹೊರಟ ದಂಪತಿಗೆ: ಮದುವೆ ಸರ್ಟಿಫಿಕೇಟ್ ಮೊದಲು, ಹೆಸರಿನ ಮಾತು ಆಮೇಲೆ

ಹುಡುಗನೋ ಹುಡುಗಿಯೋ ಅಮೆರಿಕದಲ್ಲಿದ್ದು, ಮದುವೆ ಇಲ್ಲಿ ಕರ್ನಾಟಕದಲ್ಲಿ ಅಂತ ಗೊತ್ತಾದರೆ ಛತ್ರ ಹುಡುಕುವ ಮೊದಲು ಇಬ್ಬರ ಪಾಸ್‌ಪೋರ್ಟ್ ತೆಗೆದು ಪಕ್ಕಪಕ್ಕ ಇಡಿ. ಅದರಲ್ಲಿ ಹೆಸರು ಹೇಗಿದೆಯೋ, ಯಾವ ಸ್ಪೆಲಿಂಗಿನಲ್ಲಿದೆಯೋ, ಮದುವೆ ಸರ್ಟಿಫಿಕೇಟಿನಲ್ಲೂ ಹಾಗೇ ಬರಬೇಕು. ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ತೊಡಕು ಶುರುವಾಗುವುದು ಲಗ್ನಪತ್ರಿಕೆಯಿಂದ. ಅದರಲ್ಲಿ ‘ಚಿ|| ಸೌ|| ಸುಮಾ’ ಎಂದಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಸ್. ಎನ್. ಸುಮಾ’. ಆಧಾರ್‌ನಲ್ಲಿ ‘ಸುಮಾ ನಾಗರಾಜ್’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಸುಮಾ ಸಾಗರ ನಾಗರಾಜ’. ಮನೆಯವರಿಗೆ ಇದೆಲ್ಲ ಒಬ್ಬಳೇ ಸುಮಾ, ವೀಸಾ ಆಫೀಸಿನವರಿಗೆ ಗೊತ್ತಾಗಬೇಕಲ್ಲ! ಲಗ್ನಪತ್ರಿಕೆಯನ್ನು ನೋಂದಣಿಗೆ ದಾಖಲೆಯಾಗಿ ಕೊಡಬೇಕಾಗುತ್ತದೆ, ಆದ್ದರಿಂದ ಅಚ್ಚಿಗೆ ಕೊಡುವಾಗಲೇ ಪಾಸ್‌ಪೋರ್ಟಿನ ಪೂರ್ತಿ ಹೆಸರು ಹಾಕಿಸಿ. ‘ಅಪ್ಪು’, ‘ಪುಟ್ಟಿ’ ಬೇಕೇ ಬೇಕು ಅನ್ನುವ ಅಜ್ಜಿ ಇದ್ದರೆ ಅದನ್ನು ಛತ್ರದ ಬಾಗಿಲಿನ ಹೂವಿನ ಬೋರ್ಡಿಗೆ ಬಿಟ್ಟುಬಿಡಿ.

ಮುಂದಿನ ಹೆಜ್ಜೆ ನೋಂದಣಿ. ಛತ್ರದ ರಸೀದಿ, ದೇವಸ್ಥಾನದವರು ಕೊಟ್ಟ ಚೀಟಿ ಸಾಲುವುದಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ಟಿಫಿಕೇಟೇ ಬೇಕು. ಹಿಂದೂ ವಿವಾಹ ಕಾಯ್ದೆಯಡಿಯಾದರೆ ಧಾರೆ ಮುಗಿದ ಮೇಲೆ ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳನ್ನು ಜೋಡಿಸಿಕೊಳ್ಳಿ. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್ ಮೂಲಕ ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು. ಬೇರೆ ಧರ್ಮದವರು, ಅಂತರ್‌ಧರ್ಮೀಯ ಜೋಡಿಗಳು 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋಗಬಹುದು. ಸರ್ಟಿಫಿಕೇಟ್ ಕೈಗೆ ಬಂದಾಗ ಆಫೀಸಿನ ಮೆಟ್ಟಿಲು ಇಳಿಯುವ ಮೊದಲೇ ಒಂದೊಂದು ಅಕ್ಷರ ಓದಿ ನೋಡಿ, ಮದುವೆ ತಾರೀಖನ್ನೂ ನೋಡಿ. ದೃಢೀಕೃತ ಪ್ರತಿ ಒಂದೆರಡು ಜಾಸ್ತಿ ತೆಗೆದಿಟ್ಟುಕೊಳ್ಳಿ.

ಇಲ್ಲಿ ಒಂದು ವಿಷಯ ಖಡಾಖಂಡಿತವಾಗಿ ಹೇಳಲೇಬೇಕು. ನಿಶ್ಚಿತಾರ್ಥ ಆದ ಕೂಡಲೇ, ಧಾರೆಗೆ ಇನ್ನೂ ಆರು ತಿಂಗಳಿರುವಾಗಲೇ, ‘ವೀಸಾಗೆ ಬೇಕು’ ಅಂತ ಸುಮ್ನೆ ಕಾಗದದ ಮೇಲೆ ಹಿಂದೂ ಮದುವೆ ನೋಂದಣಿ ಮಾಡಿಸಿಕೊಳ್ಳುವ ಅಭ್ಯಾಸ ಇದೆಯಲ್ಲ, ಅದು ಅಪಾಯ. 2024ರಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಈ ಅಭ್ಯಾಸವನ್ನೇ ಎತ್ತಿ ಹೇಳಿತು. ಶಾಸ್ತ್ರವೇ ನಡೆಯದಿದ್ದರೆ ಬರೀ ಸರ್ಟಿಫಿಕೇಟಿನಿಂದ ಹಿಂದೂ ಮದುವೆ ಆಗುವುದಿಲ್ಲ ಎಂದಿತು. ಧಾರೆಗೆ ಮೊದಲೇ ಕಾನೂನಿನ ಪ್ರಕಾರ ಮದುವೆಯಾಗಬೇಕೆಂದರೆ ವಿಶೇಷ ವಿವಾಹ ಕಾಯ್ದೆಯೇ ದಾರಿ, ಅಲ್ಲಿ ಶಾಸ್ತ್ರ ಬೇಕಿಲ್ಲ. ಆದರೆ ಇಬ್ಬರಲ್ಲಿ ಒಬ್ಬರಾದರೂ, ಮದುವೆಯಾಗುತ್ತೇವೆ ಎಂಬ ನೋಟಿಸ್ ಕೊಡುವ ಮೊದಲು 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು, ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು. ಎರಡು ವಾರದ ರಜೆ ಹಾಕಿ ಬರುವವರು ಈ ಲೆಕ್ಕ ಮೊದಲೇ ಹಾಕಿಕೊಂಡು ಟಿಕೆಟ್ ತೆಗೆಸಬೇಕು.

ದಾಖಲೆ ಅಸಲಿ ಎಂದು ವಿದೇಶದಲ್ಲಿ ತೋರಿಸಲು ನಮ್ಮ ವಿದೇಶಾಂಗ ಸಚಿವಾಲಯ ಹಾಕಿಕೊಡುವ ಮುದ್ರೆ, ಅಂದರೆ ಅಪಾಸ್ಟಿಲ್, ಎಲ್ಲರಿಗೂ ಬೇಕಾಗುವುದಿಲ್ಲ. ಅಲ್ಲಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವ ಅಮೆರಿಕದ ಎಚ್-4 ವೀಸಾಗೆ ಅದಿಲ್ಲದೆಯೂ ನಡೆಯುತ್ತದೆ. ಮದುವೆ ಆಲ್ಬಮ್ಮನ್ನು ಮಾತ್ರ ಜೊತೆಗಿಟ್ಟುಕೊಳ್ಳಿ. ಸರ್ಟಿಫಿಕೇಟ್ ಕನ್ನಡದಲ್ಲಿ ಮಾತ್ರ ಇದ್ದರೆ ಅಲ್ಲಿನ ವಲಸೆ ಇಲಾಖೆಗೆ ಕೊಡುವಾಗ ಇಂಗ್ಲಿಷ್ ಅನುವಾದ ಇರಬೇಕು, ಅನುವಾದ ಪೂರ್ತಿ ಮತ್ತು ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಿಸಿದವರು ಬರೆದು ಸಹಿ ಹಾಕಬೇಕು. ಯುಎಇಗೆ ಹೋಗುವವರ ಕಥೆ ಬೇರೆ. ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಹೀಗೆ ಒಂದರ ಮೇಲೊಂದು ಸೀಲು ಬೀಳಬೇಕು. ಅಪಾಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಮಿಕ್ಕಿದ್ದೆಲ್ಲ ಏಜೆನ್ಸಿಯವರ ಚಾರ್ಜು. ಏಜೆಂಟರು ದೊಡ್ಡ ಮೊತ್ತ ಹೇಳಿದಾಗ ಇದು ನೆನಪಿರಲಿ.

ಇನ್ನು ಹೆಸರು. ಮದುವೆಯಾದ ಮೇಲೆ ಹೆಣ್ಣು ಹೆಸರು ಬದಲಿಸಲೇಬೇಕು ಅಂತ ಭಾರತದ ಕಾನೂನೂ ಹೇಳುವುದಿಲ್ಲ, ಅಮೆರಿಕದ್ದೂ ಹೇಳುವುದಿಲ್ಲ. ಎಚ್-4 ಸಿಗಲು ಗಂಡ ಹೆಂಡತಿಯ ಸರ್‌ನೇಮ್ ಒಂದೇ ಇರಬೇಕಿಲ್ಲ. ನನ್ನನ್ನು ಕೇಳಿದರೆ ಬದಲಿಸಬೇಡಿ. ಡಿಗ್ರಿ ಸರ್ಟಿಫಿಕೇಟು, ಅನುಭವ ಪತ್ರ, ಪ್ಯಾನ್, ಪಿಎಫ್ ಎಲ್ಲ ಹಳೆಯ ಹೆಸರಿನಲ್ಲಿರುತ್ತವೆ, ಆಮೇಲೆ ಜೀವನಪೂರ್ತಿ ‘ಇವಳೂ ನಾನೇ’ ಅಂತ ಕಾಗದ ತೋರಿಸುತ್ತಾ ಇರಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಬೇಕು ಅನಿಸಿದರೆ ಅದಕ್ಕೆ ಬೇರೆ ಜಾಗವೇ ಇದೆ, ಸ್ವಂತ ಹೆಸರು ಮುಟ್ಟಬೇಕಿಲ್ಲ.

ಆದರೆ ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇರುವವರು ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಊರು, ಅಪ್ಪನ ಹೆಸರಿನ ಇನಿಷಿಯಲ್ಲೇ ಸಾಕು ಅಂತ ಬಿಟ್ಟವರು ಬೇಕಾದಷ್ಟಿದ್ದಾರೆ. ಅಂಥವರ ಅಮೆರಿಕ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಅಂತ ಕೂತುಬಿಡುತ್ತದೆ. ಬ್ಯಾಂಕು, ಏರ್‌ಲೈನು, ಆಸ್ಪತ್ರೆ ಎಲ್ಲ ಕಡೆ ನಿಮ್ಮನ್ನು ಕರೆಯುವುದು ಹಾಗೇ! ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ ಕೂಡ 2022ರ ನವೆಂಬರಿನಲ್ಲಿ ವಿಸಿಟ್ ವೀಸಾ ನಿರ್ಬಂಧಿಸಿತು.

ಬದಲಿಸಲೇಬೇಕು ಅಂತಿದ್ದರೆ ಕ್ರಮ ಹೀಗೆ. ಮದುವೆ ಸರ್ಟಿಫಿಕೇಟ್, ಹೊಸ ಪಾಸ್‌ಪೋರ್ಟ್, ಆಮೇಲೆ ವೀಸಾ. ಹಳೆಯ ಪುಸ್ತಕದಲ್ಲೇ ತಿದ್ದಿಕೊಡುವುದಿಲ್ಲ, ಮರುವಿತರಣೆಗೆ ಅರ್ಜಿ ಹಾಕಬೇಕು. ಅಮೆರಿಕ ತಲುಪಿದ ಮೇಲೆ ಮನಸ್ಸು ಬದಲಾದರೆ ಪಾಸ್‌ಪೋರ್ಟ್ ಅರ್ಜಿ ಅಲ್ಲಿಂದ, ಅರ್ಜಿ ಪಡೆಯುವ ಏಜೆನ್ಸಿಯಾದ ವಿಎಫ್‌ಎಸ್ ಮೂಲಕ, ಭಾರತದ ಕಾನ್ಸುಲೇಟಿಗೆ ಹೋಗುತ್ತದೆ. ಹಳೆಯ ಹೆಸರಿನ ವೀಸಾ ಇದ್ದರೆ ಹೊಸದು ಮಾಡಿಸಿಕೊಳ್ಳಿ ಎಂದು ಅಲ್ಲಿನ ವಿದೇಶಾಂಗ ಇಲಾಖೆಯೇ ಸಲಹೆ ಕೊಡುತ್ತದೆ. ಗ್ರೀನ್ ಕಾರ್ಡೋ ಎಚ್-4 ವಿಸ್ತರಣೆಯೋ ನಡುವಲ್ಲಿರುವಾಗ ದಯವಿಟ್ಟು ಹೆಸರಿನ ತಂಟೆಗೆ ಹೋಗಬೇಡಿ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಇದ್ದರೆ ಅದನ್ನು ಮೊದಲು ಬದಲಿಸಿ, ಶುಲ್ಕವಿಲ್ಲ, ಅದಾದ ಮೇಲೆ ಡ್ರೈವಿಂಗ್ ಲೈಸೆನ್ಸ್. ಅಷ್ಟೇನೂ ಅವಸರವಿಲ್ಲದವರು ಪೌರತ್ವದ ತನಕ ಕಾಯಬಹುದು. ಪೌರತ್ವಕ್ಕೆ ಹಾಕುವ ಎನ್-400 ಅರ್ಜಿಯಲ್ಲೇ ಹೆಸರು ಬದಲಾವಣೆ ಕೇಳಬಹುದು, ಹಾಗೆ ಕೇಳಿದರೆ ಪ್ರಮಾಣವಚನ ಕೋರ್ಟಿನಲ್ಲಿ ನಡೆಯುತ್ತದೆ.

ಇನ್ನೊಂದು ವಿಷಯ, ಅಲ್ಲೇ ಹುಟ್ಟಿ ಬೆಳೆದ ಹುಡುಗನನ್ನೋ ಹುಡುಗಿಯನ್ನೋ ಮದುವೆಯಾಗುವವರಿಗೆ. ಭಾರತೀಯರ ಸಂಗಾತಿ ಎಂಬ ನೆಲೆಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಕೇಳುವ ವಿದೇಶಿ ಪ್ರಜೆಗೆ, ಮದುವೆ ನೋಂದಣಿಯಾಗಿ ಅರ್ಜಿಗೆ ಮೊದಲು ಕನಿಷ್ಠ ಎರಡು ವರ್ಷ ಸತತವಾಗಿ ಉಳಿದಿರಬೇಕು ಎನ್ನುತ್ತದೆ ಪೌರತ್ವ ಕಾಯ್ದೆ. ಆದ್ದರಿಂದ ಹನಿಮೂನಿಗೆ ಹೊರಡುವ ಮೊದಲೇ, ಸಾಕ್ಷಿ ಹಾಕುವ ಮಾವಂದಿರು ಊರಿಗೆ ವಾಪಸ್ಸಾಗುವ ಮುಂಚೆ, ನೋಂದಣಿ ಮುಗಿಸಿಬಿಡಿ.