ಕರಡಿ ಬೇಟೆಗೆ ಯಾವ ಗುಂಡು? ತೋಟೆಯ ಹೆಸರಿಗಿಂತ ಗುಂಡಿನ ಕಟ್ಟು ಮುಖ್ಯ

ಕರಡಿಯ ಮೈಗೆ ತಾಗಿದ ಗುಂಡಿಗೆ ಮೊದಲು ಎದುರಾಗುವುದು ದಟ್ಟ ಕೂದಲು. ಅದರಡಿ ದಪ್ಪ ಚರ್ಮ, ಚಳಿಗಾಲದ ನಿದ್ದೆಗೆಂದು ಕೂಡಿಟ್ಟ ಕೊಬ್ಬು, ಬಿಗಿಯಾದ ಹೆಗಲ ಸ್ನಾಯು, ಒಮ್ಮೊಮ್ಮೆ ಹೆಗಲ ಮೂಳೆ. ಹೃದಯ, ಶ್ವಾಸಕೋಶ ಇರುವುದು ಇಷ್ಟೆಲ್ಲದರ ಆಚೆಗೆ. ಜಿಂಕೆಯನ್ನು ನಿಂತಲ್ಲೇ ಕೆಡವುವ ಮೆದು ಗುಂಡು ಇಲ್ಲಿ ಅರ್ಧದಾರಿಯಲ್ಲೇ ಚೂರಾಗಿ ನಿಂತುಬಿಡಬಹುದು. ಆಮೇಲೆ ಪೊದೆಯೊಳಗೆ ನುಗ್ಗಿದ ಗಾಯಾಳು ಕರಡಿಯನ್ನು ಹುಡುಕಿಕೊಂಡು ಹೋಗಬೇಕು. ಪ್ರಾಣಿಗೆ ಅದು ಯಾತನೆ, ಹುಡುಕುವವರಿಗೆ ಜೀವಭಯ.

ಆದ್ದರಿಂದ ಮ್ಯಾಗ್ನಮ್ಮೋ (ಹೆಚ್ಚು ಮದ್ದು ತುಂಬಿದ, ಹೆಚ್ಚು ವೇಗದ ತೋಟೆ) ಅಲ್ಲವೋ ಎಂಬ ಚರ್ಚೆ ಆಮೇಲಿರಲಿ. ತೋಟೆಯ ತುದಿಯಲ್ಲಿ ಕೂತಿರುವ ಗುಂಡು ಹೇಗೆ ಕಟ್ಟಿದ್ದು, ಮೈಗೆ ತಾಗುವಾಗ ಅದರ ವೇಗ ಎಷ್ಟಿರುತ್ತದೆ, ಈ ಎರಡನ್ನು ಮೊದಲು ತಿಳಿಯಿರಿ. ಗುಂಡು ಆಳಕ್ಕೆ ಇಳಿಯಬೇಕು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬೀಳಬೇಕು. ಕರಡಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಗುಂಡು ಹೊಕ್ಕ ಸಣ್ಣ ತೂತನ್ನು ಕೊಬ್ಬು ಮುಚ್ಚಿಬಿಡುತ್ತದೆ, ಸೋರಿದ ರಕ್ತವನ್ನು ಕೂದಲು ಹೀರಿಕೊಳ್ಳುತ್ತದೆ. ನೆಲದ ಮೇಲೆ ಜಾಡು ಸಿಗಬೇಕಾದರೆ ಎರಡು ತೂತು ಬೇಕು.

ಸಾಮಾನ್ಯ ಮೆದುತುದಿ ಗುಂಡು ಎಂದರೆ ತಾಮ್ರ ಮಿಶ್ರಲೋಹದ ಕವಚದೊಳಗೆ ಒತ್ತಿ ತುಂಬಿದ ಸೀಸ. ಅಗ್ಗ, ಗುರಿ ಚೆನ್ನಾಗಿ ಹಿಡಿಯುತ್ತದೆ, ಬೇಗ ಅರಳುತ್ತದೆ. ಆದರೆ ಹೆಚ್ಚು ವೇಗದಲ್ಲಿ ಮೂಳೆಗೆ ಬಡಿದರೆ ಕವಚ ಒಂದು ಕಡೆ, ಸೀಸ ಒಂದು ಕಡೆ. .30-30 ತೋಟೆಯ 170 ಗ್ರೇನ್ (ಗುಂಡಿನ ತೂಕದ ಅಳತೆ, ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಅಥವಾ .308 ವಿಂಚೆಸ್ಟರ್‌ನ 180 ಗ್ರೇನ್ ಗುಂಡಿನ ವೇಗ ಮಿತವಾದದ್ದು. ಕಪ್ಪು ಕರಡಿಗೆ, ಅಡ್ಡ ನಿಂತಾಗ, ಇವು ಸಾಕು. ಅದಕ್ಕಿಂತ ದೊಡ್ಡ ಗ್ರಿಜ್ಲಿ ಕರಡಿಗೆ ಇಂಥ ಗುಂಡನ್ನು ಆರಿಸಬೇಡಿ.

ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅರಳುತ್ತದೆ, ಬೇರ್ಪಡುವುದಿಲ್ಲ. ಪಾರ್ಟಿಷನ್ ಗುಂಡಿನದು ಇನ್ನೊಂದು ಉಪಾಯ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿದ ಮೂಸ್ (ಭಾರಿ ಗಾತ್ರದ ಜಿಂಕೆ) ಒಂದರ ಮೈಯಲ್ಲಿ ಗುಂಡುಗಳು ಆಳಕ್ಕಿಳಿಯದೆ ಹೋದಾಗ ಜಾನ್ ನಾಸ್ಲರ್ ಇದನ್ನು ಯೋಚಿಸಿದರು, 1948ರಲ್ಲಿ ಮಾರಾಟಕ್ಕೆ ತಂದರು. ಗುಂಡಿನ ನಡುವೆ ಕವಚದ ಲೋಹದ್ದೇ ಒಂದು ಅಡ್ಡಗೋಡೆ. ಮುಂದಿನ ಸೀಸ ಅರಳಿ ಬಹುಪಾಲು ಉದುರಿದರೂ ಗೋಡೆಯ ಹಿಂದಿನ ಭಾಗ ಇಡಿಯಾಗಿ ಮುಂದೆ ಸಾಗುತ್ತದೆ. ತೂಕದ ಮೂರನೇ ಒಂದು ಭಾಗ ಹೋಯಿತೆಂದು ಗಾಬರಿ ಬೇಡ, ಅದನ್ನು ಕಟ್ಟಿರುವುದೇ ಹಾಗೆ.

ಪೂರ್ತಿ ತಾಮ್ರದ ಗುಂಡು ದಳ ಬಿಚ್ಚಿದ ಹೂವಿನಂತೆ ಅರಳಿ, ತೂಕವನ್ನು ಹೆಚ್ಚೂಕಡಿಮೆ ಹಾಗೇ ಉಳಿಸಿಕೊಳ್ಳುತ್ತದೆ. ಅದಕ್ಕೆ ಎರಡು ಬೇಡಿಕೆಗಳಿವೆ. ಮೊದಲನೆಯದು ವೇಗ: ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ಹಲವು ತಾಮ್ರದ ಗುಂಡುಗಳು ಸರಿಯಾಗಿ ಅರಳದೆ ಸೂಜಿಯಂತೆ ಹಾದುಹೋಗುತ್ತವೆ. ಎರಡನೆಯದು ಉದ್ದ: ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ತಿರುವು ನಿಧಾನದ್ದಾದರೆ ಉದ್ದ ಗುಂಡು ಗಾಳಿಯಲ್ಲಿ ಓಲಾಡುತ್ತದೆ. ಸೀಸದಲ್ಲಿ 180 ಗ್ರೇನ್ ಬಳಸುವ ಕಡೆ ತಾಮ್ರದಲ್ಲಿ 165 ಗ್ರೇನ್ ತೆಗೆದುಕೊಂಡರೆ ತೊಂದರೆ ಇಲ್ಲ, ತೂಕ ಉದುರದ ಕಾರಣ ಆಳವೂ ಕಡಿಮೆಯಾಗದು.

ಸೇನೆಯವರು ಬಳಸುವ, ತುದಿಯವರೆಗೂ ಕವಚ ಮುಚ್ಚಿದ ಗುಂಡು ಬೇಟೆಗಲ್ಲ. ಅದು ಅರಳುವುದೇ ಇಲ್ಲ, ಹಲವು ಕಡೆ ಕಾನೂನೂ ಒಪ್ಪುವುದಿಲ್ಲ.

ಆಯ್ಕೆಯ ಸೂತ್ರ ಚಿಕ್ಕದು: ತಾಗುವ ವೇಗ ಹೆಚ್ಚಿದಷ್ಟೂ ಗುಂಡು ಗಟ್ಟಿಯಿರಬೇಕು. ಇಲ್ಲೇ ಹೆಚ್ಚಿನವರು ಎಡವುವುದು. .30-06ರ 180 ಗ್ರೇನ್ ಗುಂಡು ನಳಿಗೆ ಬಿಡುವಾಗ ಸುಮಾರು 2,700 ಅಡಿ ವೇಗದಲ್ಲಿರುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ಅದೇ ತೂಕಕ್ಕೆ 2,960ರ ಆಸುಪಾಸು. ಕರಡಿಗೆ ಈಡು ಬೀಳುವುದು ಬಹಳ ಸಲ 100 ಗಜದೊಳಗೆ, ಅಂದರೆ ವೇಗ ಇಳಿಯುವುದಕ್ಕೂ ಮುಂಚೆ. ಮ್ಯಾಗ್ನಮ್ ಕೊಂಡು ಅದಕ್ಕೆ ಅಗ್ಗದ ಮೆದು ಗುಂಡು ಹಾಕಿದರೆ, ನಿಧಾನದ ತೋಟೆಗಿಂತ ಕಡಿಮೆ ಆಳಕ್ಕೆ ಇಳಿಯುವ ಸಾಧ್ಯತೆಯೇ ಹೆಚ್ಚು.

ತೂಕ ಹೋಲಿಸಲು ಒಂದು ಲೆಕ್ಕ ಇದೆ. ಗ್ರೇನ್ ತೂಕವನ್ನು 7,000ದಿಂದ ಭಾಗಿಸಿ, ಬಂದದ್ದನ್ನು ಅಂಗುಲದ ವ್ಯಾಸದ ವರ್ಗದಿಂದ ಮತ್ತೆ ಭಾಗಿಸಿ. .308 ಅಂಗುಲದ 150 ಗ್ರೇನ್ ಗುಂಡಿಗೆ 0.226, 180ಕ್ಕೆ 0.271, 220ಕ್ಕೆ 0.331 ಬರುತ್ತದೆ. ಒಂದೇ ಬಗೆಯ ಕಟ್ಟಿನ ಗುಂಡುಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಆಳ ಹೆಚ್ಚು. ದೊಡ್ಡ ಕರಡಿಗೆ 0.27ಕ್ಕಿಂತ ಕೆಳಗೆ ಹೋಗಬೇಡಿ, ತಾಮ್ರದ ಗುಂಡಿಗೆ ಮಾತ್ರ ತುಸು ವಿನಾಯಿತಿ.

ಗ್ರಿಜ್ಲಿ ಮತ್ತು ಅಲಾಸ್ಕದ ಕಂದು ಕರಡಿಗೆ .30-06ನಲ್ಲಿ 200 ಅಥವಾ 220 ಗ್ರೇನಿನ ಪಾರ್ಟಿಷನ್ ಇಲ್ಲವೇ ಬಾಂಡೆಡ್ ಗುಂಡು, .338 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ 225ರಿಂದ 250, .375 ಎಚ್ ಅಂಡ್ ಎಚ್‌ನಲ್ಲಿ 270ರಿಂದ 300. ದೊಡ್ಡ ಜಿಂಕೆಗಳಾದ ಎಲ್ಕ್, ಮೂಸ್‌ಗೆ .30-06ನಲ್ಲಿ 180 ಬಾಂಡೆಡ್ ಸಾಕು. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವರು .375 ಹಿಡಿಯುವುದಕ್ಕಿಂತ .30-06ನಲ್ಲೇ ಗಟ್ಟಿ ಗುಂಡು ಹಾಕಿಕೊಳ್ಳಲಿ.

ಗುಂಡಿನ ಕಟ್ಟನ್ನು ಕಣ್ಣಾರೆ ನೋಡಬೇಕಾದರೆ ಶೂಟಿಂಗ್ ರೇಂಜಿನಲ್ಲಿ ಅನುಮತಿ ಪಡೆದು, ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಒಂದರ ಹಿಂದೊಂದು ಅಂಟಿಸಿ ಸಾಲಾಗಿಡಿ, 50 ಗಜದಿಂದ ಹೊಡೆಯಿರಿ. ಎಷ್ಟು ಕ್ಯಾನು ತೂತಾಯಿತು ಎಣಿಸಿ. ಸಿಕ್ಕ ಗುಂಡನ್ನು ಒರೆಸಿ, ಮದ್ದು ತೂಗುವ ತಕ್ಕಡಿಯಲ್ಲಿಡಿ. 180 ಗ್ರೇನಿನದು 160 ತೂಗಿದರೆ ಶೇ. 89 ಉಳಿದಂತೆ. ತಲೆ ಮೂಲ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಅಗಲವಾಗಿ, ಅಂಚು ಹಿಂದಕ್ಕೆ ಮಡಚಿ, ಕಾಂಡ ನೆಟ್ಟಗಿದ್ದರೆ ಒಳ್ಳೆಯ ಗುಂಡು. ಖಾಲಿ ಕವಚವಷ್ಟೇ ಸಿಕ್ಕರೆ ಆ ಗುಂಡನ್ನು ಕರಡಿಗೆ ಒಯ್ಯಬೇಡಿ. ಈ ಪರೀಕ್ಷೆಯಲ್ಲಿ ಮೂಳೆ ಇಲ್ಲ. ಎರಡು ಗುಂಡುಗಳನ್ನು ಪರಸ್ಪರ ಹೋಲಿಸಲು ಮಾತ್ರ ಇದು ಸಾಕು.

ಆಮೇಲೆ ನಿಮ್ಮ ಕೋವಿ ಒಪ್ಪಬೇಕು. ಕೊಂಡ ತೋಟೆಗಳಲ್ಲಿ ಒಂದೇ ಲಾಟ್ ನಂಬರಿನ (ಒಟ್ಟಿಗೆ ತಯಾರಾದ) 60 ಇರಲಿ: 20 ಗುರಿ ಕೂಡಿಸಲು, 20 ಮಂಡಿಯೂರಿ, ನಿಂತು ಅಭ್ಯಾಸ ಮಾಡಲು, 20 ಕಾಡಿಗೆ. ಸೀಸದಿಂದ ತಾಮ್ರಕ್ಕೆ ಬದಲಾಯಿಸುವಾಗ ನಳಿಗೆಯ ಹಳೆಯ ಕಸರು ಪೂರ್ತಿ ತೆಗೆದು ಮತ್ತೆ ಗುರಿ ಕೂಡಿಸಿ. 100 ಗಜಕ್ಕೆ ಮೂರು ಈಡು ಎರಡು ಅಂಗುಲದೊಳಗೆ ಬಿದ್ದರೆ ಕರಡಿಗೆ ಧಾರಾಳ ಸಾಕು. ತಣ್ಣನೆ ನಳಿಗೆಯ ಮೊದಲ ಈಡು ಎಲ್ಲಿ ಬೀಳುತ್ತದೆ ಎಂಬುದನ್ನು ಬೇರೆಯಾಗಿ ಬರೆದಿಡಿ, ಕಾಡಿನಲ್ಲಿ ಹಾರುವುದು ಅದೇ. ತೋಟೆಗಳು ಒಂದರ ಹಿಂದೊಂದು ಕೂರುವ ಕೊಳವೆ ಮ್ಯಾಗಜೀನಿನ ಲಿವರ್ ರೈಫಲ್‌ಗೆ ಚೂಪು ಲೋಹದ ತುದಿಯ ಗುಂಡು ಹಾಕಲೇಬೇಡಿ: ಮುಂದಿನ ತೋಟೆಯ ತಳದಲ್ಲಿರುವ ಪ್ರೈಮರ್‌ಗೆ (ಬಡಿದರೆ ಮದ್ದು ಹೊತ್ತಿಸುವ ಭಾಗ) ತಗುಲಿ ಒಳಗೇ ಸಿಡಿಯಬಹುದು. ಚಪ್ಪಟೆ ತುದಿಯದು ಅಥವಾ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯದು ಬೇಕು.

ಅಡ್ಡ ನಿಂತ ಕರಡಿಯಲ್ಲಿ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೇರಿ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿಯಿಡಿ. ಜೋತುಬಿದ್ದ ಕೂದಲನ್ನು ಮೈಯೆಂದು ಲೆಕ್ಕ ಹಾಕಿದರೆ ಗುಂಡು ಕೆಳಗೇ ಹಾದುಹೋಗುತ್ತದೆ. ತಲೆಗೆ ಹೊಡೆಯಬೇಡಿ, ಬುರುಡೆ ಇಳಿಜಾರು, ಮಿದುಳು ಸಣ್ಣದು.

ಹೊರಡುವ ಮೊದಲು ಆ ಪ್ರದೇಶದ ಬೇಟೆ ನಿಯಮ ಓದಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಬೇರೆ ಕಡೆ ಸೀಸ ಬಳಸಿದರೂ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಕಣ್ಣಿಗೆ ಕಾಣದ ಚೂರುಗಳು ದೂರದವರೆಗೂ ಹರಡಿರುತ್ತವೆ. ಕಾಡಿನಿಂದ ಹಿಂತಿರುಗಿದಾಗ ಮ್ಯಾಗಜೀನ್ ಬಿಚ್ಚಿ ನೋಡುವುದು ರೂಢಿಯಾಗಲಿ: ಪ್ರತಿ ಈಡಿನ ಒದೆತಕ್ಕೆ ಒಳಗಿನ ಗುಂಡುಗಳ ಸೀಸದ ತುದಿ ಜಜ್ಜಿಹೋಗಿರುತ್ತದೆ. ಜಜ್ಜಿದವನ್ನು ಅಭ್ಯಾಸದ ಪೆಟ್ಟಿಗೆಗೆ ಹಾಕಿ, ಹೊಸದನ್ನು ತುಂಬಿಕೊಳ್ಳಿ.